ಸಹಾಯ ಬೇಕು: ಭಿತ್ತಿಚಿತ್ರದ ಎಕ್ಸ್‌ಆರ್‌ಎಫ್ ಡೇಟಾಗೆ ಒಂದೇ ಡಿಒಐ ಸಾಕಾ, ಎರಡು ಬೇಕಾ?

ನಮಸ್ಕಾರ. ಭಿತ್ತಿಚಿತ್ರದ ಬಣ್ಣಗಳ ಮೇಲೆ ಕೈಯಲ್ಲಿ ಹಿಡಿಯುವ, ಎಕ್ಸ್-ಕಿರಣ ಹಾಯಿಸಿ ಧಾತು ಗುರುತಿಸುವ ಯಂತ್ರವಾದ ಎಕ್ಸ್‌ಆರ್‌ಎಫ್‌ನಿಂದ ತೆಗೆದ 200 ಚಿಲ್ಲರೆ ಸ್ಪೆಕ್ಟ್ರಮ್‌ಗಳನ್ನು ಯಾರು ಬೇಕಾದರೂ ಬಳಸುವ ಹಾಗೆ ಝೆನೊಡೊಗೆ (ಡೇಟಾ ಪ್ರಕಟಿಸುವ ತಾಣ; ಪ್ರತಿ ರೆಕಾರ್ಡಿಗೂ ಡಿಒಐ ಅನ್ನೋ ಶಾಶ್ವತ ಗುರುತು ಕೊಡುತ್ತೆ) ಹಾಕಬೇಕು.

ಯಂತ್ರದ ಫೈಲು ಅದರದೇ ಸಾಫ್ಟ್‌ವೇರ್‌ನಲ್ಲಿ ಮಾತ್ರ ತೆರೆಯುತ್ತೆ. ಹಾಗಾಗಿ ಪ್ರತಿಯೊಂದನ್ನೂ ಚಾನೆಲ್, ಕೌಂಟ್ ಎರಡೇ ಕಾಲಮ್ಮಿನ ಸಿಎಸ್‌ವಿ ಮಾಡಿ, ಟ್ಯೂಬ್ ವೋಲ್ಟೇಜು, ಫಿಲ್ಟರ್, ಲೈವ್ ಟೈಮ್, ಕ್ಯಾಲಿಬ್ರೇಶನ್ (ಯಾವ ಚಾನೆಲ್ ಅಂದರೆ ಎಷ್ಟು ಶಕ್ತಿ ಅನ್ನೋ ಲೆಕ್ಕ) ಬೇರೆ ಟೇಬಲ್ಲಿಗೆ ಹಾಕಿದ್ದಾಗಿದೆ. (ಕ್ಯಾಲಿಬ್ರೇಶನ್ ಇಲ್ಲದಿದ್ದರೆ ಚಾನೆಲ್ ನಂಬರು ಬರೀ ನಂಬರು. ಬಹಳ ಜನ ಮರೆಯೋದೇ ಇದನ್ನ.) ಸ್ಪೆಕ್ಟ್ರಮ್ ವಿಶ್ಲೇಷಿಸುವ ಸಾಫ್ಟ್‌ವೇರ್ ಪೈಎಂಸಿಎಯಲ್ಲಿ ತೆರೆದರೆ ಪೀಕ್‌ಗಳು ಸರಿಯಾದ ಜಾಗದಲ್ಲೇ ಕೂರುತ್ತವೆ.

ತೊಡಕಿರೋದು ಇನ್ನೊಂದು ಟೇಬಲ್ಲಿನಲ್ಲಿ, ಅಂದರೆ ಎಲ್ಲೆಲ್ಲಿ ಯಾವ ಧಾತು ಇದೆ ಅಂತ ಬರೆದಿರೋ ಧಾತುಗಳ ಟೇಬಲ್ಲಿನಲ್ಲಿ. ಸೀಸದ ಎಲ್-ಆಲ್ಫಾ ಪೀಕ್ 10.55 ಕೆಇವಿ, ಆರ್ಸೆನಿಕ್‌ನ ಕೆ-ಆಲ್ಫಾ 10.54. ಒಂದರ ಮೇಲೊಂದು. ಕಿತ್ತಳೆ ಬಣ್ಣದ ಒಂದು ಕಡೆ ಸಾಫ್ಟ್‌ವೇರ್ ತಾನಾಗೇ 'ಆರ್ಸೆನಿಕ್' ಅಂತ ಬರೆದುಬಿಟ್ಟಿದೆ. ಆದರೆ 12.61ರಲ್ಲಿ ಸೀಸದ ಎಲ್-ಬೀಟಾ ಎದ್ದು ಕಾಣುತ್ತೆ, 11.73ರಲ್ಲಿ ಆರ್ಸೆನಿಕ್‌ನ ಕೆ-ಬೀಟಾ ಸುಳಿವೇ ಇಲ್ಲ. ಅಂದರೆ ಅದು ಮನಃಶಿಲೆ (ಆರ್ಸೆನಿಕ್ ಇರುವ ಬಣ್ಣ) ಅಲ್ಲ, ಸೀಸದ ಸಿಂಧೂರ ಇರಬೇಕು. ಇಂಥ ತಿದ್ದುಪಡಿ ಇನ್ನೂ ಬರುತ್ತಲೇ ಇರುತ್ತವೆ, ಮೂಲ ಸ್ಪೆಕ್ಟ್ರಮ್ ಮಾತ್ರ ಬದಲಾಗಲ್ಲ.

ಝೆನೊಡೊದಲ್ಲಿ ಪ್ರಕಟವಾದ ಫೈಲು ತಿದ್ದಬೇಕಂದ್ರೆ ಹೊಸ ಆವೃತ್ತಿ, ಹೊಸ ಡಿಒಐ. ಎಲ್ಲ ಒಂದೇ ಕಡೆ ಇಟ್ಟರೆ ಒಂದು ಸಾಲು ತಿದ್ದಿದ್ದಕ್ಕೂ ಸ್ಪೆಕ್ಟ್ರಮ್‌ಗಳ ಡಿಒಐ ಬದಲಾಗುತ್ತೆ. ಬೇರೆ ಮಾಡಿದರೆ ಜನ ಧಾತುಗಳ ಟೇಬಲ್ ಮಾತ್ರ ಇಳಿಸಿಕೊಂಡು ಅದನ್ನೇ ನಂಬಿಬಿಡ್ತಾರೆ.

ಇಂಥ ಡೇಟಾ ಹಾಕಿದವರು ಹೇಳಿ: ಸ್ಪೆಕ್ಟ್ರಮ್, ಟೇಬಲ್ ಎರಡನ್ನೂ ಒಂದೇ ರೆಕಾರ್ಡಿನಲ್ಲಿ ಇಟ್ಟಿರಾ, ಇಲ್ಲ ಎರಡು ರೆಕಾರ್ಡ್ ಮಾಡಿ ಲಿಂಕ್ ಕೊಟ್ಟಿರಾ? ಎರಡಾದರೆ, ಲೇಖನದಲ್ಲಿ ಯಾವ ಡಿಒಐ ಉಲ್ಲೇಖಿಸೋಕೆ ಹೇಳ್ತೀರಿ?