ಮನೆಯಲ್ಲೇ ಕಲಿಸಿ ನೇರ ಎರಡನೇ ತರಗತಿಗೆ ಸೇರಿಸಬಹುದೇ?

ಪ್ರಶ್ನೆ: ಮಗುವಿಗೆ ನಾಲ್ಕೂವರೆ ವರ್ಷ. ಅ ದಿಂದ ಳ ವರೆಗೆ ಬಾಯಿಪಾಠ. ಆದರೆ ‘ಬಸವ’ ಅಂತ ಬರೆದು ತೋರಿಸಿದರೆ ಬ, ಸ, ವ ಎಂದು ಬಿಡಿಬಿಡಿಯಾಗಿ ಹೇಳಿ ಸುಮ್ಮನಾಗುತ್ತದೆ. ‘ಥರ್ಟೀನ್’ ಬರಿ ಅಂದರೆ 31 ಬರೆಯುತ್ತದೆ. ಯುಕೆಜಿ ಬಿಟ್ಟು, ಒಂದನೇ ತರಗತಿ ಪಾಠ ಮನೆಯಲ್ಲೇ ಮುಗಿಸುವ ಯೋಚನೆ ಇದೆ.

ಉತ್ತರ 1: ಎರಡನೇ ತರಗತಿ ಆಸೆ ಬಿಡಿ. ಕರ್ನಾಟಕದಲ್ಲಿ ಒಂದನೇ ತರಗತಿಗೇ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2025–26ಕ್ಕೆ ಕೊಟ್ಟ 5 ವರ್ಷ 5 ತಿಂಗಳ ಸಡಿಲಿಕೆಯೂ ಯುಕೆಜಿ ಮುಗಿಸಿದವರಿಗೆ ಮಾತ್ರ ಇತ್ತು. ಶಾಲೆಗೇ ಹೋಗದ ಮಗುವನ್ನು ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸುತ್ತದೆ, ಜಾಣತನಕ್ಕೆ ತಕ್ಕ ತರಗತಿಗಲ್ಲ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇ ತರಗತಿಗೂ ಕನಿಷ್ಠ 14 ವರ್ಷ. ಮುಂದೆ ಓಡಿಸುವುದಿದ್ದರೆ ಓದಿನಲ್ಲಿ ಓಡಿಸಿ.

ಉತ್ತರ 2: ‘ಬ, ಸ, ವ’ದಲ್ಲಿ ನಿಲ್ಲುವುದು ವರ್ಣಮಾಲೆಯನ್ನು ಹಾಡಿನಂತೆ ಕಲಿಸಿದ್ದರ ಫಲ. ಸರ್ಕಾರಿ ಶಾಲೆಗಳ ನಲಿಕಲಿಯ ಕ್ರಮ ಹಿಡಿಯಿರಿ: ಮೊದಲು ರ, ಗ, ಸ, ದ, ಅ. ಈ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಓದಿಸಬಹುದು. ಆಮೇಲೆ ಜ, ವ, ಮ, ಬ, ನ ಸೇರಿಸಿ: ಮರ, ಜನ, ಬಸವ. ದಿನಕ್ಕೆ ಹದಿನೈದು ನಿಮಿಷ ಸಾಕು. ಹತ್ತೂ ಅಕ್ಷರದ ಪದಗಳನ್ನು ತಡವರಿಸದೆ ಓದುವವರೆಗೆ ಕಾಗುಣಿತ ಮುಟ್ಟಬೇಡಿ.

ಕಾಗುಣಿತದಲ್ಲಿ ಎಡವುವುದು ಕೊಂಬಿನ ಹತ್ತಿರ. ‘ಕು’ಗೆ ಕೊಂಬು ಪಕ್ಕದಲ್ಲಿ, ‘ಪು’, ‘ವು’ಗೆ ಕೆಳಗೆ. ‘ವ’ದ ಪಕ್ಕಕ್ಕೇ ಕೊಂಬು ಹಾಕಿದರೆ ಅದು ‘ಮ’ ಆಗಿಬಿಡುತ್ತದೆ! ಮಗು ತಪ್ಪಾಗಿ ಬರೆದಾಗ ಬೈಯುವ ಬದಲು ಇದನ್ನೇ ತೋರಿಸಿ, ಖುಷಿಪಡುತ್ತದೆ.

ಒತ್ತಕ್ಷರಕ್ಕೆ ಅಪ್ಪ, ಅಕ್ಕ, ಅಜ್ಜದಿಂದ ಶುರುಮಾಡಿ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲ, ಈ ಆರನ್ನು ಬೇರೆಯಾಗಿಯೇ ಕಲಿಸಬೇಕು. ‘ಸೂರ್ಯ’ವನ್ನು ‘ಸೂಯರ’ ಎಂದು ಓದಿದರೆ ಗಾಬರಿ ಬೇಡ. ಅರ್ಕಾವತ್ತನ್ನು ಬರೆಯುವುದು ಕೊನೆಗೆ, ಉಚ್ಚರಿಸುವುದು ಮೊದಲು. ಮಗು ಕಂಡ ಕ್ರಮದಲ್ಲೇ ಓದಿದೆ. ಅರ್ಕಾವತ್ತು ಕಲಿಸುವುದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ.

ಉತ್ತರ 3: 31ಕ್ಕೆ ಕಾರಣ ಇಂಗ್ಲಿಷ್. ‘ಥರ್ಟೀನ್’ನಲ್ಲಿ ಮೂರು ಮೊದಲು ಕೇಳುತ್ತದೆ, ಮಗು ಮೂರನ್ನೇ ಮೊದಲು ಬರೆಯುತ್ತದೆ. ‘ಹದಿಮೂರು’ ಅಂದರೆ ಹತ್ತು ಮೊದಲು ಬರುತ್ತದೆ. ಪೊರಕೆ ಕಡ್ಡಿಗಳನ್ನು ಹತ್ತುಹತ್ತಾಗಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ. ಒಂದು ಕಟ್ಟು ಎಡಕ್ಕೆ, ಮೂರು ಬಿಡಿ ಕಡ್ಡಿ ಬಲಕ್ಕೆ. ಅದರ ಕೆಳಗೇ 1, 3 ಬರೆಸಿ. ಒಂಬತ್ತು ಕಟ್ಟು, ಒಂಬತ್ತು ಬಿಡಿ ಇದ್ದರೆ 99ರವರೆಗೂ ಇದೇ ಸಾಮಾನು. ಇಪ್ಪತ್ತು–ಎಪ್ಪತ್ತು ಕಿವಿಗೆ ಒಂದೇ ಥರ ಕೇಳಿಸಿ ಅದಲುಬದಲಾಗುತ್ತವೆ, ಆಗಲೂ ಕಟ್ಟು ಎಣಿಸಿದರೆ ಸರಿಹೋಗುತ್ತದೆ. ಮಗ್ಗಿ ಈಗಲೇ ಬೇಡ.

ಪ್ರಶ್ನೆ ಕೇಳಿದವರು: ಬರೆಸುವುದು ಹೇಗೆ? ಎರಡು ಗೆರೆ ಕಾಪಿ ಪುಸ್ತಕ ತಂದಾಗಿದೆ.

ಉತ್ತರ 2: ಎತ್ತಿಡಿ. ತಟ್ಟೆಯಲ್ಲಿ ಅಕ್ಕಿ ತೆಳ್ಳಗೆ ಹರಡಿ ತೋರುಬೆರಳಲ್ಲಿ ತಿದ್ದಿಸಿ. ಆಮೇಲೆ ಸ್ಲೇಟು, ಒಂದಂಗುಲದ ಬಳಪದ ತುಂಡು. ತುಂಡು ಚಿಕ್ಕದಿದ್ದರೆ ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಮೂರು ಬೆರಳು ತಾನಾಗಿ ಸೇರುತ್ತವೆ.