ಸ್ವಿಟ್ಜರ್ಲೆಂಡ್‌ಗೆ ಹೊಸಬರ ಪ್ರಶ್ನೆ: ಹೆಚ್ಚುವರಿ ಆರೋಗ್ಯ ವಿಮೆ ಬೇಕಾ, ಬೇಡವಾ?

ಪ್ರಶ್ನೆ (ಜ್ಯೂರಿಕ್‌ನಿಂದ): ನಮಸ್ತೆ ಮೇಡಂ. ನಾವು ಇಲ್ಲಿಗೆ ಬಂದು ಐದು ವಾರ ಆಯಿತು. ನಾನು, ನನ್ನ ಹೆಂಡತಿ, ಎರಡು ವರ್ಷದ ಮಗಳು. ಬಂದ ವಾರವೇ ಒಬ್ಬ ಏಜೆಂಟ್ ಮನೆಗೆ ಬಂದಿದ್ದರು. ಕಡ್ಡಾಯ ವಿಮೆ, ಆಸ್ಪತ್ರೆಯ ಪ್ರೈವೇಟ್ ರೂಮ್, ಹಲ್ಲು, ಆಯುರ್ವೇದ, ಜಿಮ್ ಎಲ್ಲಾ ಸೇರಿಸಿ ಒಂದೇ ಫಾರ್ಮ್ ಕೊಟ್ಟುಹೋಗಿದ್ದಾರೆ. ಮೂರು ತಿಂಗಳೊಳಗೆ ಸಹಿ ಹಾಕದಿದ್ದರೆ ಮುಂದೆ ಸಿಗುವುದಿಲ್ಲವಂತೆ. ಹೆಂಡತಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಅದನ್ನು ಬರೆಯಬೇಡಿ, ಸುಮ್ನೆ ತೊಂದರೆ ಅಂತಲೂ ಹೇಳಿದರು. ಏನು ಮಾಡಲಿ?

ಉತ್ತರ: ನಮಸ್ತೆ ಸರ್. ಮೊದಲು ಆ ಫಾರ್ಮ್ ಪಕ್ಕಕ್ಕಿಡಿ. ಇವತ್ತು, ನಾಳೆ ಸಹಿ ಬೇಡ.

ಮೂರು ತಿಂಗಳ ಗಡುವು ಇರುವುದು ಕಡ್ಡಾಯ ವಿಮೆಗೆ ಮಾತ್ರ. ಪ್ರೈವೇಟ್ ರೂಮ್, ಹಲ್ಲು, ಜಿಮ್ ಇಂಥವಕ್ಕೆ ಇರುವ ಹೆಚ್ಚುವರಿ ವಿಮೆಗೆ ಅಂಥ ಗಡುವು ಯಾವುದೂ ಇಲ್ಲ. ಇವೆರಡೂ ಬೇರೆ ಬೇರೆ ಕಾನೂನಿನ ಕೆಳಗೆ ಬರುತ್ತವೆ. ಒಂದೇ ಕಂಪನಿಯಲ್ಲಿ ಇರಬೇಕು ಅಂತಲೂ ಇಲ್ಲ. ಏಜೆಂಟ್ ಎರಡನ್ನೂ ಒಂದೇ ಕಾಗದಕ್ಕೆ ತಂದಿದ್ದಾರೆ, ಅದಕ್ಕೇ ನಿಮಗೆ ಗೊಂದಲ ಆಗಿದೆ.

ಕಡ್ಡಾಯ ವಿಮೆಯ ಕಾನೂನು 1996ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಏನೇನು ಸಿಗಬೇಕು ಅಂತ ಕಾನೂನೇ ಹೇಳುತ್ತದೆ, ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಸಿಗುವುದು ಅದೇ. ಬೇರೆಯಾಗುವುದು ಪ್ರೀಮಿಯಂ ಮಾತ್ರ. ನಿಮಗೆ ಏನೇ ಕಾಯಿಲೆ ಇದ್ದರೂ ಯಾವ ಕಂಪನಿಯೂ ಬೇಡ ಅನ್ನುವಂತಿಲ್ಲ, ಆರೋಗ್ಯದ ಪ್ರಶ್ನೆ ಕೇಳುವಂತೆಯೂ ಇಲ್ಲ. ಫೆಡರಲ್ ಆರೋಗ್ಯ ಕಚೇರಿಯ ಪ್ರಿಮ್‌ಇನ್ಫೋ ತಾಣದಲ್ಲಿ ಪಿನ್‌ಕೋಡ್, ವಯಸ್ಸು ಹಾಕಿದರೆ ಎಲ್ಲ ಕಂಪನಿಗಳ ಪ್ರೀಮಿಯಂ ಸಾಲಾಗಿ ಬರುತ್ತದೆ. ಈ ವಾರಾಂತ್ಯ ಇಬ್ಬರೂ ಕೂತು ಅದೊಂದು ಕೆಲಸ ಮುಗಿಸಿ. ಗಡುವಿನೊಳಗೆ ಸೇರಿದರೆ ನೀವು ಬಂದ ದಿನದಿಂದಲೇ ವಿಮೆ ಲೆಕ್ಕ. ಆ ದಿನದಿಂದಲೇ ಪ್ರೀಮಿಯಂ ಕೂಡ ಕಟ್ಟಬೇಕು, ಹಾಗಾಗಿ ಮೊದಲ ಬಿಲ್ ದೊಡ್ಡದಾಗಿ ಬಂದರೆ ಗಾಬರಿಯಾಗಬೇಡಿ. ಇನ್ನೊಂದು ವಿಷಯ: ಒಂದೇ ಕಂಪನಿಯಲ್ಲಿ ವಾರಕ್ಕೆ ಕನಿಷ್ಠ 8 ಗಂಟೆ ಕೆಲಸ ಮಾಡುವವರಿಗೆ ಕೆಲಸದ ಕಡೆಯಿಂದಲೇ ಅಪಘಾತ ವಿಮೆ ಇರುತ್ತದೆ. ಆದ್ದರಿಂದ ನಿಮ್ಮ ಪಾಲಿಸಿಯಿಂದ ಅಪಘಾತವನ್ನು ತೆಗೆಸಿ. ಹೆಂಡತಿಗೆ, ಮಗುವಿಗೆ ಮಾತ್ರ ಇರಲಿ.

ಇನ್ನು ಥೈರಾಯ್ಡ್. ದಯವಿಟ್ಟು ಬರೆಯಿರಿ. ಹೆಚ್ಚುವರಿ ವಿಮೆ ಖಾಸಗಿ ಕರಾರು. ಕಂಪನಿ ಪ್ರಶ್ನೆ ಕೇಳಬಹುದು, ಬೇಡ ಅನ್ನಬಹುದು, ಒಂದು ಕಾಯಿಲೆಯನ್ನು ಮಾತ್ರ ಹೊರಗಿಡಬಹುದು. ಕೇಳಿದ ಪ್ರಶ್ನೆಗೆ ನೀವು ಸರಿಯಾಗಿ ಉತ್ತರಿಸಿಲ್ಲ ಅಂತ ಮುಂದೆ ಎಂದಾದರೂ ಗೊತ್ತಾದರೆ, ಗೊತ್ತಾದ ನಾಲ್ಕು ವಾರದೊಳಗೆ ಅವರು ಕರಾರನ್ನು ರದ್ದು ಮಾಡಬಹುದು. ಆ ಕಾಯಿಲೆಗೆ ಸಂಬಂಧಿಸಿದ ಖರ್ಚನ್ನೂ ಕೊಡಬೇಕಾಗಿಲ್ಲ.

ನನ್ನ ಹತ್ತಿರ ಬಂದ ಒಬ್ಬರ ಕಥೆ ಹೇಳುತ್ತೇನೆ. ಫಾರ್ಮಿನಲ್ಲಿ "ಕಳೆದ ಐದು ವರ್ಷದಲ್ಲಿ ಬೆನ್ನು, ಕೀಲುಗಳಿಗೆ ಚಿಕಿತ್ಸೆ ಪಡೆದಿದ್ದೀರಾ?" ಅಂತ ಒಂದು ಸಾಲಿತ್ತು. ಅವರು ಆರು ಸಲ ಫಿಸಿಯೋಥೆರಪಿಗೆ ಹೋಗಿದ್ದರು. ಅದೇನು ದೊಡ್ಡದು ಅಂದುಕೊಂಡು "ಇಲ್ಲ" ಚೌಕಕ್ಕೆ ಗುರುತು ಹಾಕಿದರು. ಎರಡು ವರ್ಷದ ಮೇಲೆ ಡಿಸ್ಕ್ ಆಪರೇಷನ್ ಆಯಿತು. ಕಂಪನಿ ಡಾಕ್ಟರ ಹಳೇ ದಾಖಲೆ ತರಿಸಿಕೊಂಡಿತು. ಆ ಆರು ಭೇಟಿಗಳ ತಾರೀಖು ಒಂದರ ಕೆಳಗೊಂದು ಬರೆದಿದ್ದ ಪತ್ರವನ್ನು ಅವರು ನನ್ನ ಮೇಜಿನ ಮೇಲೆ ಬಿಚ್ಚಿಟ್ಟಾಗ ಅವರ ಕೈ ನಡುಗುತ್ತಿತ್ತು. ಕಡ್ಡಾಯ ವಿಮೆ ತನ್ನ ಪಾಲು ಕೊಟ್ಟಿತು. ಪ್ರೈವೇಟ್ ರೂಮಿನ, ಸರ್ಜನ್ನಿನ ಹೆಚ್ಚಿನ ಹಣ ಅವರ ಜೇಬಿನಿಂದ ಹೋಯಿತು. ಬರೆಯಬೇಡಿ ಅಂತ ಹೇಳಿದ ಏಜೆಂಟ್ ಆಗ ಫೋನ್ ಎತ್ತಲಿಲ್ಲ. ಫಾರ್ಮಿನ ಮೇಲೆ ಇರುವುದು ನಿಮ್ಮ ಸಹಿ, ಅವರದ್ದಲ್ಲ.

ಅದೇ ಸದಸ್ಯರು: ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದರೆ ಆ ಪಟ್ಟಿಯಲ್ಲಿ ನಿಜವಾಗಿ ಬೇಕಾಗಿರುವುದು ಯಾವುದು?

ಉತ್ತರ: ನಾನು ನೋಡುವ ರೀತಿ ಇದು: ಆರೋಗ್ಯ ಕೆಟ್ಟ ಮೇಲೆ ಸಿಗದೇ ಇರುವಂಥದ್ದನ್ನು ಈಗ ತೆಗೆದುಕೊಳ್ಳಿ. ಕೈಯಿಂದಲೇ ಕಟ್ಟಬಹುದಾದ ಸಣ್ಣ ಖರ್ಚಿಗೆ ವಿಮೆ ಬೇಡ.

ಮೊದಲು ಮಗಳ ಹಲ್ಲು. ಇದನ್ನು ಮುಂದಕ್ಕೆ ಹಾಕಬೇಡಿ. ಕಡ್ಡಾಯ ವಿಮೆ ಸಾಮಾನ್ಯ ಹಲ್ಲಿನ ಚಿಕಿತ್ಸೆಗೆ ಏನೂ ಕೊಡುವುದಿಲ್ಲ, ಮಕ್ಕಳಿಗೂ ಅಷ್ಟೇ. ಹಲ್ಲಿಗೆ ತಂತಿ ಹಾಕಿಸಬೇಕಾಗಿ ಬಂದರೆ ಸಾವಿರಾರು ಫ್ರಾಂಕ್ ಬೇಕು. ಎರಡು, ಮೂರು ವರ್ಷದ ಮಗುವನ್ನು ಎಷ್ಟೋ ಕಂಪನಿಗಳು ದಂತವೈದ್ಯರ ರಿಪೋರ್ಟ್ ಇಲ್ಲದೆ ಸೇರಿಸಿಕೊಳ್ಳುತ್ತವೆ. ಹಲ್ಲು ವಕ್ರ ಅಂತ ಗೊತ್ತಾದ ಮೇಲೆ ಹೋದರೆ ಸೇರಿಸಿಕೊಳ್ಳುವುದಿಲ್ಲ. ದೊಡ್ಡವರ ಹಲ್ಲಿನ ವಿಮೆ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಕಟ್ಟುವ ಪ್ರೀಮಿಯಂ, ವರ್ಷದ ಮಿತಿ ಎರಡನ್ನೂ ಲೆಕ್ಕ ಹಾಕಿದರೆ ಆ ಹಣವನ್ನು ಪಕ್ಕಕ್ಕೆ ಎತ್ತಿಡುವುದೇ ವಾಸಿ.

ಆಮೇಲೆ ಆಸ್ಪತ್ರೆ. ಜನರಲ್ ವಾರ್ಡ್ ಅಂದ ತಕ್ಷಣ ನಮ್ಮವರು ಹೆದರುತ್ತಾರೆ. ಇಲ್ಲಿ ಅದು ಅಚ್ಚುಕಟ್ಟಾದ ರೂಮು, ಜೊತೆಗೆ ಬೇರೆ ರೋಗಿಗಳು ಇರುತ್ತಾರೆ ಅಷ್ಟೇ. ಹಾಲ್ಬ್‌ಪ್ರಿವಾಟ್ ಅಂದರೆ ಇಬ್ಬರ ರೂಮು, ಪ್ರಿವಾಟ್ ಅಂದರೆ ಒಬ್ಬರ ರೂಮು. ಜೊತೆಗೆ ಡಾಕ್ಟರನ್ನು ನೀವೇ ಆರಿಸಿಕೊಳ್ಳಬಹುದು. ಬೆಲೆ ಇರುವುದು ಆ ಆಯ್ಕೆಗೇ. ಮೂರು, ನಾಲ್ಕು ವರ್ಷ ಇದ್ದು ಹೋಗುವವರಾದರೆ ಪ್ರಿವಾಟ್ ಬೇಡ ಅನ್ನುತ್ತೇನೆ. ಇಲ್ಲೇ ನೆಲೆ ನಿಲ್ಲುವ ಯೋಚನೆ ಇದ್ದರೆ ಆರೋಗ್ಯ ಚೆನ್ನಾಗಿರುವಾಗಲೇ ಹಾಲ್ಬ್‌ಪ್ರಿವಾಟ್ ಬಗ್ಗೆ ಯೋಚಿಸಿ. ಬರೀ ಬೇರೆ ಕ್ಯಾಂಟನ್ (ಇಲ್ಲಿನ ರಾಜ್ಯ) ಆಸ್ಪತ್ರೆಗೆ ಹೋಗುವ ಸ್ವಾತಂತ್ರ್ಯ ಸಾಕು ಅನ್ನುವವರಿಗೆ ಇಡೀ ದೇಶದ ಜನರಲ್ ವಾರ್ಡ್ ಅನ್ನುವ ಕಡಿಮೆ ಬೆಲೆಯ ವಿಮೆ ಇದೆ.

ಮೂರನೆಯದು ಆಂಬುಲೆನ್ಸ್. ಕಡ್ಡಾಯ ವಿಮೆ ಅರ್ಧ ಮಾತ್ರ ಕೊಡುತ್ತದೆ, ಅದೂ ವರ್ಷಕ್ಕೆ 500 ಫ್ರಾಂಕ್‌ವರೆಗೆ. ಬೆಟ್ಟದಿಂದ ರಕ್ಷಿಸಿ ತಂದರೆ ಅರ್ಧ, ವರ್ಷಕ್ಕೆ 5000ದವರೆಗೆ. ಮಿಕ್ಕಿದ್ದನ್ನು ಕಡಿಮೆ ಪ್ರೀಮಿಯಂನ ಹೊರರೋಗಿ ಪ್ಯಾಕೇಜ್, ಅಂದರೆ ಆಸ್ಪತ್ರೆಗೆ ದಾಖಲಾಗದೆ ಆಗುವ ಖರ್ಚಿನ ಹೆಚ್ಚುವರಿ ವಿಮೆ, ನೋಡಿಕೊಳ್ಳುತ್ತದೆ. ಅದರಲ್ಲೇ ಕನ್ನಡಕ, ಪ್ರಯಾಣದ ಲಸಿಕೆ, ಜಿಮ್ ಎಲ್ಲಾ ಸೇರಿಸಿರುತ್ತಾರೆ. ಜಿಮ್ ಹಣ ನೋಡಿ ಮರುಳಾಗಬೇಡಿ, ಆಂಬುಲೆನ್ಸ್ ಮಿತಿ ಎಷ್ಟು ಅಂತ ನೋಡಿ.

ಪ್ರಶ್ನೆ (ಬಾಸೆಲ್‌ನಿಂದ): ಅಕ್ಕ, ನಾನು ಆಗಲೇ ಸಹಿ ಹಾಕಿಬಿಟ್ಟೆ. ಐದು ವರ್ಷದ ಕರಾರು ಅಂತ ಈಗ ನೋಡಿದೆ. ಆರು ದಿನ ಆಯಿತು. ತಪ್ಪಿಸಿಕೊಳ್ಳಬಹುದಾ?

ಉತ್ತರ: ಆಗುತ್ತದೆ, ಆದರೆ ಇವತ್ತೇ ಮಾಡಿ. ವಿಮಾ ಕರಾರಿನ ಕಾನೂನಿಗೆ 2022ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ 14 ದಿನದೊಳಗೆ ಕಾರಣ ಕೊಡದೆ ಹಿಂದೆ ಸರಿಯಬಹುದು. ಫೋನಿನಲ್ಲಿ ಹೇಳಿದರೆ ಸಾಲದು, ಬರವಣಿಗೆಯಲ್ಲಿ ಇರಬೇಕು. ಈಮೇಲ್ ಕಳಿಸಿ, ಜೊತೆಗೆ ರಿಜಿಸ್ಟರ್ ಪೋಸ್ಟ್ ಕೂಡ ಹಾಕಿ, ರಸೀದಿ ಇಟ್ಟುಕೊಳ್ಳಿ. ಏಜೆಂಟಿಗಲ್ಲ, ಕಂಪನಿಗೇ ಕಳಿಸಬೇಕು.

14 ದಿನ ದಾಟಿದವರಿಗೂ ಒಂದು ದಾರಿ ಇದೆ. ಕರಾರು ಎಷ್ಟೇ ವರ್ಷದ್ದಿರಲಿ, ಮೂರನೇ ವರ್ಷದ ಕೊನೆಗೆ ಮೂರು ತಿಂಗಳ ಮುಂಚೆ ತಿಳಿಸಿ ಬಿಡಬಹುದು. ಹೆಚ್ಚುವರಿ ಆರೋಗ್ಯ ವಿಮೆಯಲ್ಲಿ ಈ ಹಕ್ಕು ನಮಗೆ ಮಾತ್ರ ಇದೆ, ಕಂಪನಿಗೆ ಇಲ್ಲ. ನಿಮಗೆ ಕಾಯಿಲೆ ಬಂತು ಅಂತ ಅವರು ನಿಮ್ಮನ್ನು ಹೊರಗೆ ಹಾಕುವ ಹಾಗಿಲ್ಲ. ಇದು ತುಂಬಾ ದೊಡ್ಡ ರಕ್ಷಣೆ, ನೆನಪಿರಲಿ.

ಪ್ರಶ್ನೆ (ಲೌಸಾನ್‌ನಿಂದ): ಮೇಡಂ, ನಾನು ಮೂರು ತಿಂಗಳ ಗರ್ಭಿಣಿ. ಹೆರಿಗೆಗೆ ಪ್ರೈವೇಟ್ ರೂಮ್ ವಿಮೆ ಈಗ ಮಾಡಿಸಬಹುದಾ?

ಉತ್ತರ: ಶುಭವಾಗಲಿ ಅಮ್ಮ. ಈ ಹೆರಿಗೆಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಹೆರಿಗೆ ವಿಷಯದಲ್ಲಿ ಹೆಚ್ಚಿನ ಕಂಪನಿಗಳು ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಾಯುವ ಅವಧಿ ಇಟ್ಟಿರುತ್ತವೆ.

ಆದರೆ ಚಿಂತೆ ಬೇಡ. 13ನೇ ವಾರದಿಂದ ಹೆರಿಗೆಯಾಗಿ 8 ವಾರದವರೆಗೆ ಕಡ್ಡಾಯ ವಿಮೆಯಲ್ಲಿ ನಿಮ್ಮ ಕೈಯಿಂದ ಫ್ರಾಂಚೀಸ್ ಆಗಲಿ, ಅದರ ಮೇಲಿನ ಖರ್ಚಿನಲ್ಲಿ ನಾವು ಕೊಡುವ 10 ಪರ್ಸೆಂಟ್ ಪಾಲಾಗಲಿ ಕಟ್ಟಬೇಕಾಗಿಲ್ಲ. ಫ್ರಾಂಚೀಸ್ ಅಂದರೆ ವಿಮೆ ಕೊಡಲು ಶುರು ಮಾಡುವ ಮುಂಚೆ ನಾವೇ ಕಟ್ಟುವ ಮೊತ್ತ, ದೊಡ್ಡವರಿಗೆ ವರ್ಷಕ್ಕೆ 300ರಿಂದ 2500 ಫ್ರಾಂಕ್.

ನಿಮಗೆ ಈಗ ಮಾಡಲು ಇರುವ ಒಳ್ಳೇ ಕೆಲಸ ಒಂದಿದೆ. ಮಗು ಹುಟ್ಟುವ ಮುಂಚೆಯೇ ಮಗುವಿನ ಹೆಸರಿಗೆ ಹೆಚ್ಚುವರಿ ವಿಮೆಗೆ ಅರ್ಜಿ ಹಾಕಿ. ಹುಟ್ಟುವ ಮೊದಲು ಕೇಳಿದರೆ ಹಲವು ಕಂಪನಿಗಳು ಆರೋಗ್ಯದ ಪ್ರಶ್ನೆ ಇಲ್ಲದೆ ಕೊಡುತ್ತವೆ. ಮಗು ಕಡಿಮೆ ತೂಕದಲ್ಲಿ ಹುಟ್ಟಿ, ಆಮೇಲೆ ಎಲ್ಲ ಕಡೆ ಬಾಗಿಲು ಮುಚ್ಚಿಸಿಕೊಂಡ ಅಪ್ಪ ಅಮ್ಮಂದಿರನ್ನು ನಾನು ನೋಡಿದ್ದೇನೆ. ಒಂದು ಫಾರ್ಮ್, ಹತ್ತು ನಿಮಿಷದ ಕೆಲಸ.

ಪ್ರಶ್ನೆ (ಜ್ಯೂರಿಕ್‌ನಿಂದ, ಬೇರೊಬ್ಬರು): ಊರಿಗೆ ಹೋದಾಗ ಹುಷಾರು ತಪ್ಪಿದರೆ? ಅಪ್ಪ ಅಮ್ಮನನ್ನೂ ಇಲ್ಲಿಗೆ ಕರೆಸುವ ಆಲೋಚನೆ ಇದೆ, ಅವರನ್ನು ನಮ್ಮ ವಿಮೆಗೆ ಸೇರಿಸಬಹುದಾ?

ಉತ್ತರ: ಊರಿನಲ್ಲಿ ತುರ್ತು ಚಿಕಿತ್ಸೆ ಬೇಕಾದರೆ, ಅದೇ ಚಿಕಿತ್ಸೆಗೆ ಇಲ್ಲಿ ಆಗುವ ಖರ್ಚಿನ ಎರಡರಷ್ಟರವರೆಗೆ ಕಡ್ಡಾಯ ವಿಮೆಯೇ ಕೊಡುತ್ತದೆ. ಭಾರತದ ಬಿಲ್‌ಗೆ ಅದು ಧಾರಾಳವಾಗಿ ಸಾಕು, ಅಮೆರಿಕಕ್ಕೆ ಸಾಲದೇ ಹೋಗಬಹುದು. ಬಿಲ್ ಇಂಗ್ಲಿಷ್‌ನಲ್ಲಿ ವಿವರವಾಗಿ ಬರೆಸಿಕೊಂಡು ಬನ್ನಿ. ಮೊದಲೇ ಪ್ಲಾನ್ ಮಾಡಿ ಊರಲ್ಲಿ ಆಪರೇಷನ್ ಮಾಡಿಸಿಕೊಂಡರೆ ಕೊಡುವುದಿಲ್ಲ. ರೋಗಿಯನ್ನು ವಿಮಾನದಲ್ಲಿ ವಾಪಸ್ ಕರೆತರುವ ಖರ್ಚೂ ಇದರಲ್ಲಿ ಇಲ್ಲ, ಅದಕ್ಕೆ ಹೆಚ್ಚುವರಿ ಬೇಕು.

ಅಪ್ಪ ಅಮ್ಮನನ್ನು ಸೇರಿಸಲು ಆಗುವುದಿಲ್ಲ. ಅವರಿಗೆ ಸಂದರ್ಶಕರ ವಿಮೆ ಬೇರೆ ಮಾಡಿಸಬೇಕು. ಇಲ್ಲಿಗೆ ಬರಲು ಬೇಕಾಗುವ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ರಕ್ಷಣೆ ಕಡ್ಡಾಯ. ಆದರೆ ಬಿಪಿ, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಆ ಮೊತ್ತಕ್ಕೇ ನಿಲ್ಲಬೇಡಿ. ಮೊದಲೇ ಇದ್ದ ಕಾಯಿಲೆ ಉಲ್ಬಣವಾದರೆ ಕೊಡುತ್ತಾರಾ ಅನ್ನುವ ಸಾಲನ್ನು ಕಣ್ಣಲ್ಲಿ ಕಣ್ಣಿಟ್ಟು ಓದಿ.

ಮೊದಲ ಸದಸ್ಯರು, ಮೂರು ವಾರದ ನಂತರ: ಮೇಡಂ, ಕಡ್ಡಾಯ ವಿಮೆ ಮುಗಿಯಿತು. ಮಗಳ ಹಲ್ಲಿನದೂ ಆಯಿತು. ನೀವು ಫೋನಿನಲ್ಲಿ ಹೇಳಿದ ಹಾಗೆ ಹೆಂಡತಿಗೆ ಎರಡು ಕಂಪನಿಗೆ ಒಟ್ಟಿಗೇ ಅರ್ಜಿ ಹಾಕಿದೆವು. ಥೈರಾಯ್ಡ್ ಬರೆದೆವು. ಒಂದು ಕಡೆ ಬೇಡ ಅಂದರು. ಇನ್ನೊಂದು ಕಡೆ ಥೈರಾಯ್ಡ್ ಬಿಟ್ಟು ಮಿಕ್ಕಿದ್ದಕ್ಕೆ ಕೊಡುತ್ತೇವೆ ಅಂದಿದ್ದಾರೆ. ಅವಳಿಗೆ ಬೇಜಾರಾಗಿದೆ.

ಉತ್ತರ: ಬೇಜಾರು ಸಹಜ. ಒಟ್ಟಿಗೇ ಹಾಕಿ ಅಂದಿದ್ದಕ್ಕೆ ಕಾರಣ ಇದೇ. "ಈ ಹಿಂದೆ ಯಾರಾದರೂ ನಿಮ್ಮ ಅರ್ಜಿ ತಿರಸ್ಕರಿಸಿದ್ದಾರಾ?" ಅಂತ ಎಷ್ಟೋ ಫಾರ್ಮ್‌ಗಳಲ್ಲಿ ಕೇಳುತ್ತಾರೆ. ಒಂದಾದ ಮೇಲೊಂದು ಹಾಕಿದ್ದರೆ ಎರಡನೇ ಕಡೆ "ಹೌದು" ಅಂತ ಬರೆಯಬೇಕಾಗುತ್ತಿತ್ತು.

ಥೈರಾಯ್ಡ್ ಮಾತ್ರೆ, ರಕ್ತ ಪರೀಕ್ಷೆ ಎಲ್ಲಾ ಕಡ್ಡಾಯ ವಿಮೆಯಲ್ಲೇ ಇದೆ, ಅದು ಎಲ್ಲೂ ಹೋಗುವುದಿಲ್ಲ ಅಂತ ಅವರಿಗೆ ಹೇಳಿ. ಈ ಆಫರ್ ನನಗೆ ಒಪ್ಪಿಗೆ. ಆದರೆ ಒಪ್ಪಿಕೊಳ್ಳುವ ಮುಂಚೆ ಕಂಪನಿಗೆ ಎರಡು ಪ್ರಶ್ನೆ ಕೇಳಿ: ಹೊರಗಿಟ್ಟಿರುವುದು ಬರೀ ಥೈರಾಯ್ಡ್ ಗ್ರಂಥಿಯಾ, ಅಥವಾ ಎಲ್ಲ ಹಾರ್ಮೋನ್ ಕಾಯಿಲೆಗಳಾ? ಐದು ವರ್ಷಕ್ಕಾ, ಶಾಶ್ವತವಾಗಿಯಾ? ಉತ್ತರ ಬರವಣಿಗೆಯಲ್ಲೇ ಬರಲಿ. ಪತ್ರದ ಆ ಸಾಲು ಮಾತ್ರ ಫೋಟೋ ತೆಗೆದು ನನಗೆ ಕಳಿಸಿ, ಹೆಸರು ಮುಚ್ಚಿ. ಜರ್ಮನ್‌ನಲ್ಲಿ ಏನು ಬರೆದಿದ್ದಾರೆ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಸಹಿ ಬೇಡ.