ಗಂಟು ಇದೆ, ನೋವಿಲ್ಲ, ಮ್ಯಾಮೋಗ್ರಾಮ್ ನಾರ್ಮಲ್: ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ಎಡ ಸ್ತನದಲ್ಲಿ ಗಟ್ಟಿಯಾದ ಸಣ್ಣ ಗಂಟು ಕೈಗೆ ಸಿಕ್ಕಿ ಎರಡು ತಿಂಗಳಾಯಿತು. ನೋವು ಚೂರೂ ಇಲ್ಲ. ಮ್ಯಾಮೋಗ್ರಾಮ್ ಕೂಡ ನಾರ್ಮಲ್ ಬಂದಿದೆ. ಇನ್ನು ಚಿಂತೆ ಬಿಡಬಹುದಾ?

ಉತ್ತರ: ದಯವಿಟ್ಟು ಇಷ್ಟಕ್ಕೇ ಬಿಡಬೇಡಿ. ನೋವಿಲ್ಲದಿರುವುದು ಧೈರ್ಯ ತಂದುಕೊಳ್ಳುವ ಕಾರಣವಲ್ಲ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಮುಟ್ಟಿಗೆ ಮುಂಚೆ ಎರಡೂ ಕಡೆ ಬರುವ ನೋವು ಬಹುತೇಕ ಹಾರ್ಮೋನಿನ ಏರಿಳಿತದ್ದು. ತಡವಾಗಿ ಬರುವವರು ಹೇಳುವುದು ಒಂದೇ ಮಾತು: "ನೋವಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ." ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಒಳ್ಳೆಯ ಪರೀಕ್ಷೆಯೇ. ಆದರೂ ಸುಮಾರು 8 ಕ್ಯಾನ್ಸರುಗಳಲ್ಲಿ 1 ಅದರ ಕಣ್ಣು ತಪ್ಪಿಸುತ್ತದೆ. ನಿಮ್ಮ ವಯಸ್ಸಿನಲ್ಲಿ ಸ್ತನದ ಗ್ರಂಥಿಗಳು ಇನ್ನೂ ದಟ್ಟವಾಗಿರುತ್ತವೆ. ಚಿತ್ರದಲ್ಲಿ ಗ್ರಂಥಿಯೂ ಬಿಳಿ, ಗಡ್ಡೆಯೂ ಬಿಳಿ. ಹಾಗಾಗಿ ಕೈಗೆ ಸಿಗುವ ಗಂಟಿದ್ದರೆ ಮೂರು ಕೆಲಸ ಆಗಬೇಕು: ತಜ್ಞರು ಕೈಯಿಂದ ಪರೀಕ್ಷಿಸಬೇಕು, ಮ್ಯಾಮೋಗ್ರಾಮ್ ಜೊತೆ ಅಲ್ಟ್ರಾಸೌಂಡ್ ಆಗಬೇಕು, ಸಂಶಯ ಉಳಿದರೆ ಸೂಜಿ ಬಯಾಪ್ಸಿ ಆಗಬೇಕು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಫೈಬ್ರೋಅಡಿನೋಮಾ ಎಂಬ ನಿರುಪದ್ರವಿ ಗಡ್ಡೆ ಇರಬಹುದು, ನೀರು ತುಂಬಿದ ಸಿಸ್ಟ್ ಇರಬಹುದು. ಅದನ್ನು ಬೆರಳು ಮುಟ್ಟಿ ತೀರ್ಮಾನಿಸಲು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು.

ಅದೇ ಸದಸ್ಯೆ: ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ ಅಂತ ಎಲ್ಲರೂ ಹೆದರಿಸ್ತಿದ್ದಾರೆ.

ಉತ್ತರ: ಹರಡುವುದಿಲ್ಲ. ಈ ಒಂದು ಭಯದಿಂದ ಎಷ್ಟು ಜನ ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆಂದು ನೋಡುತ್ತಲೇ ಇದ್ದೇನೆ. ಆ ಜಾಗವನ್ನಷ್ಟೇ ಮರಗಟ್ಟಿಸಿ, ದಪ್ಪ ಸೂಜಿಯಿಂದ ದಾರದೆಳೆಯಂಥ ತುಣುಕುಗಳನ್ನು ತೆಗೆಯುತ್ತಾರೆ. ಅದೇ ದಿನ ಮನೆಗೆ ಹೋಗಬಹುದು. ನಿಜಕ್ಕೂ ತೊಂದರೆ ಬರುವುದು ಬಯಾಪ್ಸಿ ಇಲ್ಲದೆ "ಮೊದಲು ಗಂಟು ತೆಗೆದುಬಿಡೋಣ, ಆಮೇಲೆ ನೋಡೋಣ" ಅಂದಾಗ. ಅಂಚಿನಲ್ಲಿ ರೋಗ ಉಳಿದಿದೆಯೆಂದು ಆಮೇಲೆ ಗೊತ್ತಾಗಿ ಎರಡನೇ ಆಪರೇಷನ್ ಬೇಕಾಗಬಹುದು. ಮೊದಲು ಕೀಮೋ ಕೊಟ್ಟು ಗಡ್ಡೆ ಕುಗ್ಗಿಸುವ ದಾರಿಯೂ ಕೈತಪ್ಪುತ್ತದೆ. ಮೊದಲು ರೋಗದ ಹೆಸರು ಮತ್ತು ಜಾತಿ ತಿಳಿಯಲಿ, ಕತ್ತರಿ ಆಮೇಲೆ.

ಇನ್ನೊಬ್ಬ ಸದಸ್ಯೆ: ನನ್ನ ಅಮ್ಮನಿಗೆ 61. ಗಡ್ಡೆ 1.8 ಸೆಂ.ಮೀ. ಬಯಾಪ್ಸಿಯಲ್ಲಿ ಇಆರ್, ಪಿಆರ್ (ಹಾರ್ಮೋನ್ ಗ್ರಾಹಕಗಳು) ಪಾಸಿಟಿವ್, ಹರ್-2 (ಕ್ಯಾನ್ಸರ್ ಬೆಳೆಸುವ ಒಂದು ಪ್ರೋಟೀನ್) ನೆಗೆಟಿವ್. ಕಂಕುಳಲ್ಲಿ ಏನೂ ಕಾಣುತ್ತಿಲ್ಲ. ಡಾಕ್ಟರು ಸ್ತನ ಉಳಿಸಬಹುದು, ಕೀಮೋ ಬೇಡವಾಗಲೂಬಹುದು ಎನ್ನುತ್ತಾರೆ. ಮನೆಯಲ್ಲಿ ಎಲ್ಲರೂ "ಪೂರ್ತಿ ತೆಗೆಸಿದರೇ ಕ್ಷೇಮ" ಅಂತ ಹಟ ಹಿಡಿದಿದ್ದಾರೆ.

ಉತ್ತರ: ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. ಅಮೆರಿಕದ ಬರ್ನಾರ್ಡ್ ಫಿಶರ್, ಇಟಲಿಯ ಉಂಬರ್ಟೊ ವೆರೊನೇಸಿ ಎಂಬ ಇಬ್ಬರು ಶಸ್ತ್ರಚಿಕಿತ್ಸಕರ ತಂಡಗಳೂ ಇದೇ ಪ್ರಶ್ನೆಯನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದವು. 20 ವರ್ಷ ಕಾದು ನೋಡಿದ ಫಲಿತಾಂಶ 2002ರಲ್ಲಿ ಬಂತು. ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟವರೂ ಪೂರ್ತಿ ಸ್ತನ ತೆಗೆಸಿಕೊಂಡವರೂ ಬದುಕಿದ ಪ್ರಮಾಣ ಒಂದೇ. ಹೆಚ್ಚು ಕತ್ತರಿಸಿದರೆ ಹೆಚ್ಚು ಆಯುಷ್ಯ ಎನ್ನುವ ನಂಬಿಕೆ ಅಲ್ಲಿಗೆ ಮುರಿಯಿತು. ಆದರೆ ರೇಡಿಯೇಷನ್ ಈ ಚಿಕಿತ್ಸೆಯ ಅರ್ಧ ಭಾಗ. ಆಪರೇಷನ್ ಆಯಿತಲ್ಲ ಎಂದು ಅದನ್ನು ಅವರಾಗಿಯೇ ಬಿಡಬಾರದು. ಒಂದೇ ಸ್ತನದ ಹಲವು ಕಡೆ ರೋಗವಿದ್ದರೆ, ಸ್ತನದ ಅಳತೆಗೆ ಗಡ್ಡೆ ತೀರಾ ದೊಡ್ಡದಾದರೆ ಅಥವಾ ರೇಡಿಯೇಷನ್ ಕೊಡಲಾಗದ ಸ್ಥಿತಿಯಿದ್ದರೆ ಪೂರ್ತಿ ತೆಗೆಯುವ ಮಾತು ಬರುತ್ತದೆ.

ಕಂಕುಳಿನ ಗ್ರಂಥಿಗಳನ್ನೂ ಈಗ ಎಲ್ಲರಿಗೂ ಸಾರಾಸಗಟಾಗಿ ತೆಗೆಯುವುದಿಲ್ಲ. ಬಣ್ಣ ಅಥವಾ ವಿಕಿರಣ ಸೂಸುವ ಐಸೊಟೋಪ್ ಹಾಕಿ, ಗಡ್ಡೆಯಿಂದ ದ್ರವ ಮೊದಲು ತಲುಪುವ ಗ್ರಂಥಿಗಳನ್ನು ಗುರುತಿಸಿ ಪರೀಕ್ಷಿಸುತ್ತಾರೆ. ಅವು ಸ್ವಚ್ಛವಾಗಿದ್ದರೆ ಉಳಿದವುಗಳನ್ನು ಮುಟ್ಟಬೇಕಿಲ್ಲ. ತೋಳು ಬಾತುಕೊಳ್ಳುವ ಕಾಟವೂ ಬಹಳ ಕಡಿಮೆಯಾಗುತ್ತದೆ.

ಇಆರ್ ಪಾಸಿಟಿವ್ ಅಂದರೆ ಆ ಗಡ್ಡೆ ಈಸ್ಟ್ರೋಜೆನ್ ನೆಚ್ಚಿಕೊಂಡು ಬೆಳೆಯುವಂಥದ್ದು. ಅದನ್ನು ತಡೆಯುವ ಮಾತ್ರೆಯನ್ನು 5 ವರ್ಷ, ಕೆಲವರು ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳಬೇಕು. ನಡುವೆ ಕೀಲುನೋವು, ಮೈ ಬಿಸಿಯೇರುವುದು ಬೇಸರ ತರುತ್ತದೆ. ಆಗ ಮಾತ್ರೆ ನಿಲ್ಲಿಸದೆ ಡಾಕ್ಟರಿಗೆ ಹೇಳಲಿ, ಔಷಧ ಬದಲಿಸಬಹುದು. ಕೀಮೋ ವಿಚಾರಕ್ಕೆ, ರೋಗ ಮರಳುವ ಸಾಧ್ಯತೆಯನ್ನು ಅಂಕದಲ್ಲಿ ಹೇಳುವ 21 ಜೀನ್‌ಗಳ ಪರೀಕ್ಷೆಯೊಂದಿದೆ. ನಿಮ್ಮ ಅಮ್ಮನಂಥ ರೋಗದಲ್ಲಿ, 50 ದಾಟಿದವರಿಗೆ ಆ ಅಂಕ ಮಧ್ಯಮವಾಗಿದ್ದರೂ ಕೀಮೋದಿಂದ ಹೆಚ್ಚಿನ ಲಾಭವಿಲ್ಲವೆಂದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಡಾಕ್ಟರನ್ನು ಇದರ ಬಗ್ಗೆ ಕೇಳಿ.

ಒಂದು ಮಾತು. ನಿಮ್ಮ ಪ್ರಶ್ನೆಯಲ್ಲಿ ಮನೆಯವರ ಅಭಿಪ್ರಾಯವಿದೆ, ಅಮ್ಮನದಿಲ್ಲ. ಅವರನ್ನು ಕೂರಿಸಿಕೊಂಡು ಕೇಳಿ.

ಪ್ರಶ್ನೆ: ಟ್ರಿಪಲ್ ನೆಗೆಟಿವ್ ಅಂದರೆ ಔಷಧವೇ ಇಲ್ಲ ಅಂತಾನಾ?

ಉತ್ತರ: ಖಂಡಿತ ಅಲ್ಲ. ಇಆರ್, ಪಿಆರ್, ಹರ್-2 ಮೂರೂ ಇಲ್ಲದ್ದರಿಂದ ಹಾರ್ಮೋನ್ ಮಾತ್ರೆ, ಹರ್-2 ಇಂಜೆಕ್ಷನ್ ಕೆಲಸಕ್ಕೆ ಬರುವುದಿಲ್ಲ, ಅಷ್ಟೇ. ಕೀಮೋ ಚೆನ್ನಾಗಿ ನಾಟುತ್ತದೆ, ಎಷ್ಟೋ ಸಲ ಆಪರೇಷನ್ನಿಗೆ ಮುಂಚೆಯೇ ಕೊಡುತ್ತಾರೆ. ಕೆಲವರಿಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಇಮ್ಯುನೋಥೆರಪಿಯೂ ಸೇರುತ್ತದೆ. ಹರ್-2 ಪಾಸಿಟಿವ್ ರೋಗಕ್ಕೂ ಒಂದು ಕಾಲದಲ್ಲಿ ಜನ ಹೀಗೇ ಹೆದರುತ್ತಿದ್ದರು. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಜುಮ್ಯಾಬ್ ಎಂಬ ಹರ್-2 ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕ ಮೇಲೆ ಅದರ ಕಥೆಯೇ ಬದಲಾಯಿತು.

ಪ್ರಶ್ನೆ: ಹಾಲೂಡಿಸುತ್ತಿರುವ ತಂಗಿಗೆ ಸ್ತನ ಕೆಂಪಾಗಿ ಊದಿದೆ. ಆಂಟಿಬಯಾಟಿಕ್ ಮುಗಿದರೂ ಇಳಿದಿಲ್ಲ.

ಉತ್ತರ: ಹೆಚ್ಚಾಗಿ ಸೋಂಕು ಅಥವಾ ಕೀವು ತುಂಬಿದ ಬಾವು ಇರುತ್ತದೆ. ಆದರೆ ಔಷಧಕ್ಕೆ ಬಗ್ಗದಿದ್ದರೆ ಈ ವಾರವೇ ಅಲ್ಟ್ರಾಸೌಂಡ್ ಆಗಲಿ, ಬೇಕೆಂದರೆ ಬಯಾಪ್ಸಿಯೂ ಆಗಲಿ. ಉರಿಯೂತದ ರೂಪದಲ್ಲಿ ಬರುವ ಅಪರೂಪದ ಕ್ಯಾನ್ಸರ್ ಗಂಟಿಲ್ಲದೆಯೇ ಹೀಗೆ ಕಾಣುತ್ತದೆ, ಬೇಗ ಬೆಳೆಯುತ್ತದೆ. ಇನ್ನೊಂದು ಕೋರ್ಸ್ ಮಾತ್ರೆ ನುಂಗಿ ಕಾಯುವುದು ಬೇಡ.

ಪ್ರಶ್ನೆ: ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ನಾನು ಗಂಡಸು, ಮೊಲೆತೊಟ್ಟಿನ ಹಿಂದೆ ಗಟ್ಟಿ ಇದೆ. ತೋರಿಸಬೇಕಾ?

ಉತ್ತರ: ತೋರಿಸಿ. ಸ್ತನ ಕ್ಯಾನ್ಸರಿನಲ್ಲಿ ವಂಶವಾಹಿ ಜೀನ್‌ಗಳಿಂದ ಬರುವುದು 5ರಿಂದ 10 ಶೇಕಡಾ ಮಾತ್ರ. ಬಂದವರಲ್ಲಿ ಹೆಚ್ಚಿನವರ ಮನೆಯಲ್ಲಿ ಮುಂಚೆ ಯಾರಿಗೂ ಇರುವುದಿಲ್ಲ. ಸ್ತನ ಕ್ಯಾನ್ಸರ್ ಬಂದ 100 ಜನರಲ್ಲಿ ಸುಮಾರು ಒಬ್ಬರು ಗಂಡಸರು. ನಿಮ್ಮದು ಹಾರ್ಮೋನಿನಿಂದಲೋ ಯಾವುದಾದರೂ ಔಷಧದಿಂದಲೋ ಗ್ರಂಥಿ ದಪ್ಪಗಾಗಿರುವುದಷ್ಟೇ ಇರುವ ಸಾಧ್ಯತೆ ಹೆಚ್ಚು. ತೊಟ್ಟು ಒಳಗೆ ಎಳೆದುಕೊಂಡಿದ್ದರೆ, ರಕ್ತ ಜಿನುಗಿದರೆ, ಚರ್ಮ ಹುಣ್ಣಾಗಿದ್ದರೆ ಒಂದು ದಿನವೂ ತಡಮಾಡಬೇಡಿ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ.